ಆಯುಷ್ಮಾನ್ ಕಾರ್ಡ್ ಹಿಡಿದು ಪಕ್ಕದ ರಾಜ್ಯದ ಆಸ್ಪತ್ರೆಗೆ ಹೋಗುವ ಮೊದಲು

ಅಥಣಿ, ಚಿಕ್ಕೋಡಿ ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಮೊದಲು ನೆನಪಾಗುವುದು ಮೀರಜ್, ಸಾಂಗ್ಲಿ. ಇಂಡಿ, ಅಫಜಲಪುರದವರಿಗೆ ಸೊಲ್ಲಾಪುರ. ಕಾರವಾರದವರು ಗೋವಾದ ಬಾಂಬೋಳಿಗೆ ಹೋಗುತ್ತಾರೆ, ರಾಯಚೂರಿನವರು ಹೈದರಾಬಾದಿಗೆ, ಕೋಲಾರದ ಕಡೆಯವರು ವೆಲ್ಲೂರಿಗೆ. ಕಾಸರಗೋಡಿನವರದು ಉಲ್ಟಾ, ಅವರು ಮಂಗಳೂರಿಗೆ ಬರುತ್ತಾರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿಗೆ ಬರಲಾಗದೆ ಎಷ್ಟು ಒದ್ದಾಡಿದರು, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು, ನೆನಪಿದೆ ಅಲ್ವಾ? ಗಡಿ ಭಾಗದಲ್ಲಿ ಇರುವವರಿಗೆ ಆಚೆಯ ಆಸ್ಪತ್ರೆ ಅಂದರೆ ಶೋಕಿಯಲ್ಲ. ಅದೇ ಹತ್ತಿರದ ಆಸ್ಪತ್ರೆ.

ಹಾಗಾಗಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ನಮ್ಮ ಆಯುಷ್ಮಾನ್ ಕಾರ್ಡ್ ಅಲ್ಲಿ ನಡೆಯುತ್ತಾ?

ನಡೆಯುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ (ಚಿಕ್ಕದಾಗಿ ಪಿಎಂ-ಜೇ) ಒಂದು ರಾಜ್ಯದ ಕಾರ್ಡನ್ನು ಇನ್ನೊಂದು ರಾಜ್ಯದಲ್ಲಿ ಬಳಸುವ ಸೌಲಭ್ಯ ಮೊದಲಿಂದಲೂ ಇದೆ. ಇದಕ್ಕೆ ಪೋರ್ಟಬಿಲಿಟಿ ಅನ್ನುತ್ತಾರೆ. ನಮ್ಮ ಸುತ್ತಲಿನ ಮಹಾರಾಷ್ಟ್ರ, ಗೋವಾ, ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ ಎಲ್ಲವೂ ಈ ಯೋಜನೆಯೊಳಗೆ ಇವೆ. ಆದರೆ ಕಾರ್ಡ್ ಜೇಬಿನಲ್ಲಿದೆ ಅಂತ ಸುಮ್ನೆ ಬಸ್ ಹತ್ತಬೇಡಿ. ಕಾರ್ಡ್ ಇದ್ದೂ ಕೈಯಿಂದ ದುಡ್ಡು ಕಟ್ಟಿ, ಒಡವೆ ಅಡವಿಟ್ಟು ವಾಪಸ್ ಬಂದ ಕುಟುಂಬಗಳನ್ನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಅರ್ಹತೆ ಇತ್ತು. ಹೊರಡುವ ಮೊದಲು ಮಾಡಬೇಕಾದ ಒಂದೆರಡು ಕೆಲಸ ಮಾಡಿರಲಿಲ್ಲ, ಅಷ್ಟೇ. ಯಾರೂ ಹೇಳಿರಲೂ ಇಲ್ಲ.

ಒಂದು ಮಾತು ಈಗಲೇ ತಲೆಯಲ್ಲಿ ಕೂರಿಸಿಕೊಳ್ಳಿ. ಈ ಯೋಜನೆಯಲ್ಲಿ ಮೊದಲು ದುಡ್ಡು ಕಟ್ಟಿ ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯುವ ದಾರಿ ಇಲ್ಲ. ಆಸ್ಪತ್ರೆಗೆ ಸರ್ಕಾರವೇ ನೇರವಾಗಿ ಕೊಡುತ್ತದೆ. ನೀವು ಕೈಯಿಂದ ಕಟ್ಟಿದರೆ ಅದು ಹೋದ ಹಾಗೇ ಲೆಕ್ಕ. ಮುಂದೆ ಬರೆದಿರುವುದೆಲ್ಲ ಈ ಒಂದು ಕಾರಣಕ್ಕೇ.

ನಿಮ್ಮ ಕಾರ್ಡ್ ಯಾವ ಲೆಕ್ಕದ್ದು?

ಇಲ್ಲೇ ಜಾಸ್ತಿ ಜನ ಎಡವುವುದು. ಕರ್ನಾಟಕದಲ್ಲಿ ಕೇಂದ್ರದ ಯೋಜನೆ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ 2018ರಲ್ಲಿ ಒಂದಾದವು. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ.

ಈ ಶೇ 30ರ ಸೌಲಭ್ಯ ನಮ್ಮ ರಾಜ್ಯ ಸರ್ಕಾರ ತಾನೇ ಕೊಡುವುದು. ಅದನ್ನು ನಂಬಿಕೊಂಡು ಗಡಿ ದಾಟಬೇಡಿ.

ಬಿಪಿಎಲ್ ಇದ್ದವರೂ ಒಮ್ಮೆ ನೋಡಿಕೊಳ್ಳಬೇಕು. ಕೇಂದ್ರದ ಪಟ್ಟಿ ತಯಾರಾಗಿದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯ ಆಧಾರದ ಮೇಲೆ. ಅದಕ್ಕೆ ಹಲವು ರಾಜ್ಯಗಳು ತಮ್ಮ ಖರ್ಚಿನಲ್ಲಿ ಇನ್ನಷ್ಟು ಕುಟುಂಬಗಳನ್ನು ಸೇರಿಸಿಕೊಂಡಿವೆ. ಕೇಂದ್ರದ ಯೋಜನೆಯ ಲೆಕ್ಕದಲ್ಲಿ ಇರುವ ಕುಟುಂಬಕ್ಕೆ ಹೊರರಾಜ್ಯದ ಸೌಲಭ್ಯ ಸಲೀಸು. ರಾಜ್ಯ ಸೇರಿಸಿಕೊಂಡ ಕುಟುಂಬ ಆದರೆ ಕೇಳಿಯೇ ಹೊರಡಬೇಕು. ಕಾಸರಗೋಡಿನವರಿಗೂ ಇದೇ ಮಾತು ಅನ್ವಯ. ಅಲ್ಲಿ ಯೋಜನೆಯ ಹೆಸರು ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ಅದರೊಳಗೂ ಕೇಂದ್ರದ ಪಟ್ಟಿಯವರು, ರಾಜ್ಯದ ಪಟ್ಟಿಯವರು ಅಂತ ಇದ್ದಾರೆ. ಜತ್ತ, ಅಕ್ಕಲಕೋಟೆಯಿಂದ ವಿಜಯಪುರ, ಕಲಬುರಗಿಗೆ ಬರುವ ನಮ್ಮ ಕನ್ನಡದವರು ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಯೋಜನೆಯಲ್ಲಿ ಇರುತ್ತಾರೆ, ಅವರೂ ಇದನ್ನೇ ಕೇಳಬೇಕು.

ಕೇಳುವುದು ಎಲ್ಲಿ? ಎರಡು ದಾರಿ ಇದೆ. ಒಂದು, 14555ಕ್ಕೆ ಫೋನ್ ಮಾಡಿ. ಇದು ಇಡೀ ದೇಶಕ್ಕೆ ಒಂದೇ ನಂಬರ್, ದುಡ್ಡು ಬೀಳುವುದಿಲ್ಲ. ಆಧಾರ್ ಮತ್ತು ರೇಷನ್ ಕಾರ್ಡ್ ಎದುರಿಗೆ ಇಟ್ಟುಕೊಂಡು, "ನಮ್ಮ ಕುಟುಂಬ ಪಿಎಂ-ಜೇ ಪಟ್ಟಿಯಲ್ಲಿ ಇದೆಯಾ, ಹೊರರಾಜ್ಯದಲ್ಲಿ ಚಿಕಿತ್ಸೆ ಸಿಗುತ್ತಾ, ಈ ವರ್ಷದ ಲೆಕ್ಕದಲ್ಲಿ ಎಷ್ಟು ಉಳಿದಿದೆ" ಅಂತ ಮೂರೂ ಪ್ರಶ್ನೆ ಒಟ್ಟಿಗೆ ಕೇಳಿ. ಎರಡನೆಯದು, ಮೊಬೈಲಿನಲ್ಲಿ ಆಯುಷ್ಮಾನ್ ಆ್ಯಪ್ ಹಾಕಿಕೊಂಡು ರಾಜ್ಯ ಕರ್ನಾಟಕ ಅಂತ ಆರಿಸಿ ಆಧಾರ್ ನಂಬರ್ ಕೊಟ್ಟು ಹುಡುಕುವುದು. ಹೆಸರು ಬಂದು, ಇಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿದೆ, ಕಾರ್ಡ್ ಡೌನ್‌ಲೋಡ್ ಮಾಡಬಹುದು ಅಂತ ತೋರಿಸಿದರೆ ಅರ್ಧ ಕೆಲಸ ಮುಗಿಯಿತು. ವರ್ಷಗಳ ಹಿಂದೆ ಮಾಡಿಸಿದ ಹಳೆಯ ಕಾಗದದ ಕಾರ್ಡ್ ಮಾತ್ರ ಇದ್ದವರು ಮತ್ತೆ ಇಕೆವೈಸಿ ಮಾಡಿಸಿ ಹೊಸ ಕಾರ್ಡ್ ತೆಗೆದುಕೊಳ್ಳಿ. ಗ್ರಾಮ ಒನ್‌ನಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಕೊಡುತ್ತಾರೆ. ಊರಿನಲ್ಲಿ ಇದು ಸಲೀಸಾದ ಕೆಲಸ. ಪರಭಾಷೆಯ ಊರಿನ ಆಸ್ಪತ್ರೆಯಲ್ಲಿ, ಹಾಸಿಗೆಯ ಮೇಲೆ ರೋಗಿಯನ್ನು ಇಟ್ಟುಕೊಂಡು ಮಾಡಿಸಲು ಹೋದರೆ ಜೀವ ಹಿಂಡುತ್ತದೆ.

5 ಲಕ್ಷ ಅನ್ನುವುದು ಒಬ್ಬೊಬ್ಬರಿಗಲ್ಲ, ಇಡೀ ಮನೆಗೆ. ಅಪ್ಪನ ಹೃದಯದ ಆಪರೇಷನ್ನಿಗೆ ಹುಬ್ಬಳ್ಳಿಯಲ್ಲಿ 2 ಲಕ್ಷ ಹೋಗಿದ್ದರೆ ಅಮ್ಮನಿಗೆ ಮೀರಜ್‌ನಲ್ಲಿ ಉಳಿಯುವುದು 3 ಲಕ್ಷ. ಮನೆಯಲ್ಲಿ ಎಷ್ಟು ಜನ ಇದ್ದರೂ, ವಯಸ್ಸು ಎಷ್ಟಾದರೂ ಪರವಾಗಿಲ್ಲ. ಕಾಯಿಲೆ ಹಳೆಯದು ಅಂತ ತಿರಸ್ಕರಿಸುವ ಹಾಗೂ ಇಲ್ಲ.

ಆಸ್ಪತ್ರೆ ಯೋಜನೆಯಲ್ಲಿ ಇದ್ದರೆ ಸಾಲದು

"ಆ ಆಸ್ಪತ್ರೆಯಲ್ಲಿ ಕಾರ್ಡ್ ತಗೋತಾರಂತೆ" ಅನ್ನುವ ಮಾತು ನಂಬಿ ಹೋಗಬೇಡಿ. ಪಿಎಂ-ಜೇ ವೆಬ್‌ಸೈಟಿನಲ್ಲಿ ಆಸ್ಪತ್ರೆ ಹುಡುಕುವ ಪುಟ ಇದೆ. ಅಲ್ಲಿ ರಾಜ್ಯ, ಜಿಲ್ಲೆ, ಸರ್ಕಾರಿಯೋ ಖಾಸಗಿಯೋ ಅಂತ ಆರಿಸಬಹುದು. ಅದರ ಜೊತೆ ಸ್ಪೆಷಾಲಿಟಿ ಅಂತ ಒಂದು ಕಾಲಂ ಇದೆ ನೋಡಿ, ಅದನ್ನು ಮಾತ್ರ ಬಿಡಬೇಡಿ. ಒಂದೇ ಆಸ್ಪತ್ರೆ ಹೃದಯಕ್ಕೆ ನೋಂದಣಿ ಮಾಡಿಸಿಕೊಂಡಿರುತ್ತದೆ, ಕ್ಯಾನ್ಸರಿಗೆ ಮಾಡಿಸಿಕೊಂಡಿರುವುದಿಲ್ಲ. ಮೂಳೆ ವಿಭಾಗ ಇರುತ್ತದೆ, ನರರೋಗ ಇರುವುದಿಲ್ಲ. ಆಸ್ಪತ್ರೆಯ ಒಳಗೆ ಎಲ್ಲ ವೈದ್ಯರೂ ಇದ್ದರೂ ಕಾರ್ಡಿಗೆ ಸಿಗುವುದು ನೋಂದಣಿಯಾದ ವಿಭಾಗ ಮಾತ್ರ.

ಇನ್ನೊಂದು ಗೊಂದಲ ಇದೆ. ಪ್ರತಿ ರಾಜ್ಯಕ್ಕೂ ಅದರದ್ದೇ ಯೋಜನೆ ಇದೆ. ಆಂಧ್ರದಲ್ಲಿ ಎನ್‌ಟಿಆರ್ ವೈದ್ಯ ಸೇವಾ, ತೆಲಂಗಾಣದಲ್ಲಿ ಆರೋಗ್ಯಶ್ರೀ, ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ವಿಮಾ ಯೋಜನೆ. ಆಸ್ಪತ್ರೆ ಮುಂದೆ ಆ ಹೆಸರಿನ ಬೋರ್ಡ್ ನೋಡಿ ನಮ್ಮ ಕಾರ್ಡ್ ನಡೆಯುತ್ತದೆ ಅಂದುಕೊಳ್ಳಬೇಡಿ. ನೀವು ನೋಡಬೇಕಾದದ್ದು ಪಿಎಂ-ಜೇ ಪಟ್ಟಿಯಲ್ಲಿ ಆ ಆಸ್ಪತ್ರೆಯ ಹೆಸರು ಇದೆಯಾ ಅಂತ.

ಸರ್ಕಾರಿ ಆಸ್ಪತ್ರೆ ಅಂದರೆ ಹೇಗೂ ಫ್ರೀ, ಕಾರ್ಡ್ ಯಾಕೆ ಅನ್ನುವವರೂ ಇದ್ದಾರೆ. ಗೋವಾ ಮೆಡಿಕಲ್ ಕಾಲೇಜಿನಲ್ಲಿ 2018ರಿಂದ ಹೊರರಾಜ್ಯದವರಿಗೆ ಶುಲ್ಕ ಇದೆ. ಕಾರವಾರ, ಅಂಕೋಲಾದವರು ಇದನ್ನು ಮರೆಯಬಾರದು.

ಒಂದು ಫೋನ್, ಒಂದು ಚೀಟಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಕಾರ್ಡ್ ನೋಡುವುದು, ಕಂಪ್ಯೂಟರಿನಲ್ಲಿ ಹಾಕುವುದು, ಅಪ್ರೂವಲ್ ತರಿಸುವುದು ಅವರ ಕೆಲಸ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ನೇರ ಅವರನ್ನೇ ಕೇಳಿ. ರಿಸೆಪ್ಷನ್‌ನಲ್ಲಿ ಇರುವವರು "ಹಾಂ ಹಾಂ, ಬನ್ನಿ" ಅಂದರೆ ಅದು ಉತ್ತರ ಅಲ್ಲ.

ಫೋನ್ ಮಾಡುವಾಗ ಕೈಯಲ್ಲಿ ಒಂದು ಚೀಟಿ ಇರಲಿ. ನಿಮ್ಮೂರಿನಲ್ಲಿ ನೋಡಿದ ಡಾಕ್ಟರ ಹತ್ತಿರ ಕಾಯಿಲೆಯ ಹೆಸರು ಮತ್ತು ಬೇಕಾಗುವ ಆಪರೇಷನ್ನಿನ ಹೆಸರು ಎರಡನ್ನೂ ಇಂಗ್ಲಿಷಿನಲ್ಲಿ, ಓದಲು ಬರುವ ಅಕ್ಷರದಲ್ಲಿ ಬರೆಸಿಕೊಳ್ಳಿ. "ಮೊಣಕಾಲು ನೋವು" ಅಂದರೆ ಆರೋಗ್ಯ ಮಿತ್ರರಿಗೆ ಏನೂ ಗೊತ್ತಾಗುವುದಿಲ್ಲ. ಈ ಯೋಜನೆ ನಡೆಯುವುದೇ ಪ್ಯಾಕೇಜ್ ಪಟ್ಟಿಯ ಮೇಲೆ. ಕರ್ನಾಟಕದ ಪಟ್ಟಿಯನ್ನೇ ತೆಗೆದುಕೊಂಡರೆ 1650 ಚಿಕಿತ್ಸೆಗಳು ಇದ್ದವು, ಪ್ರತಿಯೊಂದಕ್ಕೂ ಒಂದು ಕೋಡ್, ಒಂದು ದರ. ಚೀಟಿಯಲ್ಲಿ ಇರುವ ಹೆಸರು ಓದಿ ಹೇಳಿದರೆ ಅವರು ಕೋಡ್ ಹುಡುಕಿ ಇದೆಯೋ ಇಲ್ಲವೋ ಹೇಳಬಲ್ಲರು. ಅದರ ಜೊತೆಗೆ "ಕರ್ನಾಟಕದ ಕಾರ್ಡ್, ಹೊರರಾಜ್ಯದ ಕೇಸ್ ತಗೊಳ್ತೀರಾ" ಅಂತ ಬಾಯಿಬಿಟ್ಟು ಕೇಳಿ. ಹೇಳಿದವರ ಹೆಸರು, ದಿನ, ಸಮಯ ಚೀಟಿಯ ಹಿಂದೆಯೇ ಬರೆದಿಡಿ. ಭಾಷೆ ಬಾರದಿದ್ದರೆ ಆ ಭಾಷೆ ಬರುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬರೀ ಡಾಕ್ಟರಿಗೆ ತೋರಿಸಿ ಮಾತ್ರೆ ಬರೆಸಿಕೊಂಡು ಬರುವುದಕ್ಕೆ ಈ ಕಾರ್ಡ್ ನಡೆಯುವುದಿಲ್ಲ. ಅಡ್ಮಿಟ್ ಆಗಬೇಕು, ಇಲ್ಲವೇ ಡಯಾಲಿಸಿಸ್, ಕೀಮೋ ತರಹದ ಡೇ ಕೇರ್ ಚಿಕಿತ್ಸೆ ಆಗಬೇಕು. ಹೊರರೋಗಿ ಚೀಟಿ, ಡಾಕ್ಟರ ಫೀಸು, ಬರೀ ಸ್ಕ್ಯಾನಿಂಗ್ ಮಾಡಿಸುವುದು, ಇವೆಲ್ಲ ನಿಮ್ಮ ಖರ್ಚು. ಅಡ್ಮಿಟ್ ಆಗುವುದಕ್ಕೆ ಹಿಂದಿನ 3 ದಿನದ ಪರೀಕ್ಷೆ, ಔಷಧಿ ಮಾತ್ರ ಪ್ಯಾಕೇಜಿನೊಳಗೆ ಬರುತ್ತದೆ. ಆದ್ದರಿಂದ ಎಂಆರ್‌ಐ, ರಕ್ತ ಪರೀಕ್ಷೆಯಂಥವನ್ನು ಸಾಧ್ಯವಾದಷ್ಟು ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿ, ರಿಪೋರ್ಟ್ ಹಿಡಿದುಕೊಂಡು ಹೋಗುವುದು ಲೇಸು.

ಚೀಲದಲ್ಲಿ ಏನಿರಬೇಕು

ಕಾರ್ಡ್, ರೋಗಿಯ ಒರಿಜಿನಲ್ ಆಧಾರ್, ರೇಷನ್ ಕಾರ್ಡ್, ಹಳೆಯ ರಿಪೋರ್ಟುಗಳು, ಹಿಂದೆ ಅಡ್ಮಿಟ್ ಆಗಿದ್ದರೆ ಆ ಡಿಸ್‌ಚಾರ್ಜ್ ಸಮರಿ. ಎಲ್ಲದರ ಎರಡು ಜೆರಾಕ್ಸ್. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ತೆಗೆದುಕೊಳ್ಳಿ. ಕರ್ನಾಟಕದೊಳಗೆ ಖಾಸಗಿ ಆಸ್ಪತ್ರೆಗೆ ಈ ಯೋಜನೆಯಲ್ಲಿ ಹೋಗಲು ತುರ್ತು ಬಿಟ್ಟರೆ ಉಳಿದದ್ದಕ್ಕೆ ರೆಫರಲ್ ಕೇಳುತ್ತಾರೆ. ಹೊರಗೆ ಹೋದಾಗಲೂ ಆ ಕಾಗದ ಫೈಲಿನಲ್ಲಿದ್ದರೆ ಮಾತು ಕಡಿಮೆಯಾಗುತ್ತದೆ.

ಹೆಸರು ತಾಳೆಯಾಗುತ್ತದಾ ನೋಡಿ. ರೇಷನ್ ಕಾರ್ಡಿನಲ್ಲಿ ಲಕ್ಷ್ಮವ್ವ, ಆಧಾರ್‌ನಲ್ಲಿ ಲಕ್ಷ್ಮೀಬಾಯಿ ಅಂತ ಇದ್ದರೆ ಊರಿನವರಿಗೆ ಅದು ಒಬ್ಬರೇ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಆಪರೇಷನ್ನಿಗೆ ದಿನ ಇದ್ದರೆ ಮೊದಲು ಅದನ್ನು ಸರಿಮಾಡಿಸಿ.

ಇನ್ನು ಆಧಾರಿಗೆ ಜೋಡಿಸಿದ ಮೊಬೈಲ್. ಇದನ್ನು ಯಾರೂ ಯೋಚಿಸುವುದೇ ಇಲ್ಲ. ಕೌಂಟರಿನಲ್ಲಿ ರೋಗಿಯ ಗುರುತು ಹಿಡಿಯುವುದು ಬೆರಳಚ್ಚಿನಿಂದ, ಇಲ್ಲವೇ ಒಟಿಪಿಯಿಂದ, ಇಲ್ಲವೇ ಮುಖ ತೋರಿಸಿ. ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಸವೆದ ಅಮ್ಮನೊಬ್ಬರು ಮಂಗಳೂರಿನ ಒಂದು ಆಸ್ಪತ್ರೆಯ ಕೌಂಟರಿನಲ್ಲಿ ಹತ್ತೂ ಬೆರಳು ಒಂದೊಂದಾಗಿ ಒತ್ತುತ್ತಾ ಕೂತಿದ್ದನ್ನು ನೋಡಿದ್ದೇನೆ. ಮಿಷನ್ ಕೆಂಪು ದೀಪ ತೋರಿಸುತ್ತಲೇ ಇತ್ತು, ಸೆರಗಿನಲ್ಲಿ ಬೆರಳು ಒರೆಸಿ ಮತ್ತೆ ಒತ್ತುತ್ತಿದ್ದರು. ಸರಿ, ಒಟಿಪಿ ಹಾಕೋಣ ಅಂದರೆ ನಂಬರ್ ಗಲ್ಫಿನಲ್ಲಿರುವ ಮಗನದ್ದು, ಅವನು ಡ್ಯೂಟಿಯಲ್ಲಿ. ಕೊನೆಗೆ ಮುಖ ತೋರಿಸಿ ಆಯಿತು, ಆದರೆ ಅಷ್ಟು ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಹಾಗಾಗಿ ಆಧಾರ್ ಜೋಡಿಸಿದ ಫೋನ್ ಯಾರ ಹತ್ತಿರ ಇದೆಯೋ ಅವರಿಗೆ ಮೊದಲೇ ಹೇಳಿಡಿ. ಬೆರಳು ಹಿಡಿಯದಿದ್ದರೆ ಸುಮ್ಮನೆ ಹೆದರಿ ಎದ್ದು ಬರಬೇಡಿ, "ಮುಖದಿಂದ ಮಾಡಿ" ಅಂತ ನೀವೇ ಕೇಳಿ.

ಅಲ್ಲಿ ತಲುಪಿದ ಮೇಲೆ

ಅಡ್ಮಿಷನ್ ಫಾರಂ ತುಂಬುವ ಮೊದಲು, ಅಡ್ವಾನ್ಸ್ ಕಟ್ಟುವ ಮೊದಲು, ಕಾರ್ಡ್ ಮುಂದೆ ಇಡಿ. "ನಾವು ಆಯುಷ್ಮಾನ್ ಕೇಸು" ಅಂತ ಮೊದಲ ಮಾತಿನಲ್ಲೇ ಹೇಳಿ. ದುಡ್ಡು ಕೊಡುವ ರೋಗಿ ಅಂತ ಒಮ್ಮೆ ಕಂಪ್ಯೂಟರಿಗೆ ಹೋದರೆ ಆಮೇಲೆ ಬದಲಾಯಿಸುವುದು ತುಂಬಾ ಕಷ್ಟ. ಮೊದಲ ದಿನ ನಾಚಿಕೆಯಿಂದಲೋ, ಕಾರ್ಡ್ ಅಂದರೆ ಸರಿಯಾಗಿ ನೋಡಲಿಕ್ಕಿಲ್ಲ ಅನ್ನುವ ಭಯದಿಂದಲೋ ಸುಮ್ಮನಿದ್ದು, ಮೂರನೇ ದಿನ ಬಿಲ್ ನೋಡಿ ಕಾರ್ಡ್ ತೆಗೆಯುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಕಾರ್ಡ್ ನಿಮ್ಮ ಹಕ್ಕು.

ಆರೋಗ್ಯ ಮಿತ್ರರು ರಾಜ್ಯ ಆರಿಸುವಾಗ ಅವರ ರಾಜ್ಯದ ಹೆಸರಲ್ಲೇ ಹುಡುಕಿ "ನಿಮ್ಮ ಹೆಸರು ಬರ್ತಿಲ್ಲ" ಅಂದುಬಿಡುವುದು ಉಂಟು. ನಿಮ್ಮ ಊರು ಕರ್ನಾಟಕ ಅಂತ ಹೇಳಿ, ಕಾರ್ಡಿನಲ್ಲಿರುವ ನಂಬರ್ ಹಾಕಿಸಿ ನೋಡಿಸಿ.

ಗುರುತು ಸರಿಹೋದ ಮೇಲೆ ಆಸ್ಪತ್ರೆಯವರು ಚಿಕಿತ್ಸೆಗೆ ಅಪ್ರೂವಲ್ ಕೇಳುತ್ತಾರೆ. ಹೊರರಾಜ್ಯದ ಕೇಸಿನಲ್ಲಿ ಖರ್ಚು ಕೊನೆಗೆ ನಿಮ್ಮ ರಾಜ್ಯದ ತಲೆಗೆ ಬರುತ್ತದೆ, ಹಾಗಾಗಿ ಎರಡೂ ಕಡೆಯ ಕಚೇರಿಗಳಿಗೆ ಸಂಬಂಧ ಬರುತ್ತದೆ, ಕೆಲವೊಮ್ಮೆ ತಡವಾಗುತ್ತದೆ. ಯಾವುದಾದರೂ ರಿಪೋರ್ಟ್ ಬೇಕು, ಫೋಟೋ ಸರಿಯಿಲ್ಲ ಅಂತ ವಾಪಸ್ ಕಳಿಸುವುದೂ ಇದೆ. ದಿನಕ್ಕೆ ಒಮ್ಮೆ ಹೋಗಿ "ಅಪ್ರೂವಲ್ ಎಲ್ಲಿಗೆ ಬಂತು, ಏನಾದರೂ ಕೇಳಿದ್ದಾರಾ" ಅಂತ ವಿಚಾರಿಸುತ್ತಿರಿ. ಯೋಜಿತ ಆಪರೇಷನ್ ಆದರೆ ಅಪ್ರೂವಲ್ ಬಂದಿದೆ ಅಂತ ಕೇಳಿ ತಿಳಿದುಕೊಂಡ ಮೇಲೆಯೇ ಥಿಯೇಟರಿಗೆ ಒಪ್ಪಿಕೊಳ್ಳಿ. ಉಳಿಯಲು ಜಾಗ, ಜೊತೆಗಿದ್ದವರ ಊಟ, ಓಡಾಟ ಇದಕ್ಕೆಲ್ಲ ಯೋಜನೆ ಕೊಡುವುದಿಲ್ಲ, ಆ ದುಡ್ಡು ಬೇರೆ ಇಟ್ಟುಕೊಂಡಿರಬೇಕು. ನಾಲ್ಕು ದಿನ ಅಂದುಕೊಂಡಿದ್ದು ಎಂಟು ದಿನ ಆಗಬಹುದು ಅಂತ ಲೆಕ್ಕ ಹಾಕಿಯೇ ಹೊರಡಿ.

ಅಪಘಾತ, ಹೃದಯಾಘಾತದಂಥ ತುರ್ತು ಬಂದರೆ

ಆಗ ಮೇಲಿನದೆಲ್ಲ ಬಿಟ್ಟುಬಿಡಿ. ಮೊದಲು ಹತ್ತಿರದ ಆಸ್ಪತ್ರೆ. 108 ಆಂಬುಲೆನ್ಸ್ ಒಯ್ಯುವುದೂ ಅಲ್ಲಿಗೇ, ನೀವು ಮನಸ್ಸಿನಲ್ಲಿ ಇಟ್ಟುಕೊಂಡ ಗಡಿಯಾಚೆಯ ಆಸ್ಪತ್ರೆಗಲ್ಲ. ತುರ್ತಿಗೆ ರೆಫರಲ್ ಬೇಕಿಲ್ಲ. ಕಾರ್ಡ್ ಮನೆಯಲ್ಲಿ ಉಳಿದಿದ್ದರೂ ರೋಗಿಯ ಆಧಾರ್ ನಂಬರ್ ಇದ್ದರೆ ಆರೋಗ್ಯ ಮಿತ್ರರು ಹುಡುಕಿ ತೆಗೆಯಬಹುದು. ಮನೆಯವರೆಲ್ಲರ ಆಧಾರ್ ಮತ್ತು ಕಾರ್ಡಿನ ಫೋಟೋ ಇಬ್ಬರ ಫೋನಿನಲ್ಲಾದರೂ ಇರಲಿ. ರೋಗಿಯ ಜೊತೆ ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ನೇರ ಆರೋಗ್ಯ ಮಿತ್ರರ ಕೌಂಟರಿಗೆ ಹೋಗಬೇಕು, ಅದೇ ಹೊತ್ತಿಗೆ.

ಮೇಲಿಂದ ದುಡ್ಡು ಕೇಳಿದರೆ

ಪ್ಯಾಕೇಜ್ ಅಂದರೆ ಹಾಸಿಗೆ, ಡಾಕ್ಟರ ಫೀಸು, ಥಿಯೇಟರ್, ಪರೀಕ್ಷೆ, ಔಷಧಿ, ಒಳಗೆ ಹಾಕುವ ಸ್ಟೆಂಟ್, ರಾಡು, ರೋಗಿಯ ಊಟ ಎಲ್ಲ ಸೇರಿ. "ಇದಕ್ಕಿಂತ ಒಳ್ಳೆಯ ಸ್ಟೆಂಟ್ ಹಾಕ್ತೀವಿ, ಮೇಲಿನ ವ್ಯತ್ಯಾಸ ನೀವು ಕೊಡಿ", "ಈ ಔಷಧಿ ಹೊರಗಿಂದ ತನ್ನಿ" ಅನ್ನುವುದಕ್ಕೆ ಇಲ್ಲಿ ಅವಕಾಶ ಇಲ್ಲ. ಜಗಳಕ್ಕೆ ಹೋಗಬೇಡಿ. "ಅದನ್ನು ಬರೆದು ಕೊಡಿ, ರಶೀದಿ ಕೊಡಿ" ಅಂತ ಶಾಂತವಾಗಿ ಕೇಳಿ. ಎಷ್ಟೋ ಸಲ ಬರೆದು ಕೊಡಿ ಅಂದ ಕೂಡಲೇ ಬೇಡಿಕೆ ನಿಲ್ಲುತ್ತದೆ.

ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಇರುವಾಗಲೇ 14555ಕ್ಕೆ ದೂರು ಕೊಟ್ಟು ದೂರಿನ ನಂಬರ್ ಬರೆದುಕೊಳ್ಳಿ. ಪಿಎಂ-ಜೇ ದೂರು ಪೋರ್ಟಲ್‌ನಲ್ಲೂ ಹಾಕಬಹುದು. ಕರ್ನಾಟಕದ ಕಾರ್ಡಿನವರು 104ಕ್ಕೂ ತಿಳಿಸಿ. ದೂರು ನೋಡಲು ಜಿಲ್ಲಾ ಮಟ್ಟದ ಸಮಿತಿ ಇರುತ್ತದೆ, ಅವರಿಗೆ ಬೇಕಾಗುವುದು ಕಾಗದ. ರಶೀದಿ, ಹೊರಗಿನ ಮೆಡಿಕಲ್ ಶಾಪಿನ ಬಿಲ್, ಚೀಟಿಯ ಹಿಂದೆ ನೀವು ಬರೆದಿಟ್ಟ ಹೆಸರು, ಇವೆಲ್ಲ ಆಗ ಕೆಲಸಕ್ಕೆ ಬರುತ್ತವೆ. ಊರಿಗೆ ಬಂದು ತಿಂಗಳಾದ ಮೇಲೆ ಬಾಯಿಮಾತಿನಲ್ಲಿ ಹೇಳಿದರೆ ಹಿಡಿಯಲು ಏನೂ ಇರುವುದಿಲ್ಲ.

ಡಯಾಲಿಸಿಸ್, ಕೀಮೋ, ದುಡಿಯಲು ಹೋದವರು

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮಗಳ ಮನೆಗೆ ಅಂತ ಪುಣೆಗೋ ಕೊಯಮತ್ತೂರಿಗೋ ಹೋಗಿ ತಿಂಗಳು ಇರಬೇಕಾದರೂ ಹೆದರಬೇಕಿಲ್ಲ. ಅಲ್ಲಿ ಯೋಜನೆಯ ಆಸ್ಪತ್ರೆಯಲ್ಲಿ ಆ ವಿಭಾಗ ಇದ್ದರೆ ಕಾರ್ಡಿನಲ್ಲೇ ಆಗುತ್ತದೆ. ಹೋಗುವ ಮೊದಲೇ ಅಲ್ಲಿ ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ, ಯಾಕೆಂದರೆ ಮಿಷನ್ ಖಾಲಿ ಸಿಗುವುದೇ ಕಷ್ಟ. ಕೊನೆಯ ಸಲದ ಡಯಾಲಿಸಿಸ್ ಶೀಟ್ ಮತ್ತು ರಕ್ತದ ರಿಪೋರ್ಟ್ ಒಯ್ಯಿರಿ. ಕೀಮೋ ವಿಷಯದಲ್ಲಿ ಮಾತ್ರ ನನ್ನ ಸಲಹೆ ಬೇರೆ. ಎಲ್ಲಿ ಶುರುಮಾಡುತ್ತೀರೋ ಅಲ್ಲೇ ಮುಗಿಸುವ ಹಾಗೆ ಮೊದಲೇ ಯೋಚಿಸಿ. ಅರ್ಧದಲ್ಲಿ ರಾಜ್ಯ ಬದಲಾಯಿಸಿದರೆ ಹೊಸ ಡಾಕ್ಟರು ಮೊದಲಿಂದ ನೋಡಬೇಕು, ಹೊಸ ಅಪ್ರೂವಲ್ ಬೇಕು, ಆ ಕಾಯುವ ದಿನಗಳು ರೋಗಿಗೆ ಒಳ್ಳೆಯದಲ್ಲ.

ಕಲಬುರಗಿ, ಯಾದಗಿರಿಯಿಂದ ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುವವರಿಗೆ ಈ ಸೌಲಭ್ಯ ಎಲ್ಲರಿಗಿಂತ ಜಾಸ್ತಿ ಬೇಕು, ಅವರಿಗೇ ಇದರ ಸುದ್ದಿ ಕಡಿಮೆ. ಊರಿಗೆ ಜಾತ್ರೆಗೆ ಬಂದಾಗ ಮನೆಮಂದಿಯೆಲ್ಲರ ಇಕೆವೈಸಿ ಒಂದೇ ದಿನ ಮುಗಿಸಿಕೊಳ್ಳಿ. ಮಕ್ಕಳದ್ದನ್ನೂ ಬಿಡಬೇಡಿ.

ಇನ್ನು ಡಿಸ್‌ಚಾರ್ಜ್ ದಿನ. ಮನೆಗೆ ಹೋಗುವ ಅವಸರದಲ್ಲಿ ಔಷಧಿ ಕೇಳುವುದನ್ನೇ ಮರೆಯುತ್ತಾರೆ. ಡಿಸ್‌ಚಾರ್ಜ್ ಆದ ಮೇಲಿನ 15 ದಿನದ ಔಷಧಿಯೂ ಪ್ಯಾಕೇಜಿನೊಳಗೇ ಇದೆ. ಆಸ್ಪತ್ರೆ ದೂರ, ಹಾಗಾಗಿ ಅಷ್ಟನ್ನೂ ಅಲ್ಲೇ ತೆಗೆದುಕೊಂಡು, ಎಣಿಸಿ ಚೀಲಕ್ಕೆ ಹಾಕಿ. ಸಹಿ ಮಾಡಿಸುವ ಕಾಗದದಲ್ಲಿ "ನಮ್ಮಿಂದ ಹಣ ಪಡೆದಿಲ್ಲ" ಅಂತ ಇರುತ್ತದೆ, ಓದಿಸಿ ಕೇಳಿಕೊಂಡೇ ಹೆಬ್ಬೆಟ್ಟು ಒತ್ತಿ. ಡಿಸ್‌ಚಾರ್ಜ್ ಸಮರಿ ಇಂಗ್ಲಿಷಿನಲ್ಲಿ ಕೊಡಿ ಅಂತ ಕೇಳಿ. ಹೊಲಿಗೆ ಬಿಚ್ಚುವುದು, ಡ್ರೆಸ್ಸಿಂಗ್ ಇವನ್ನು ಊರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಿಸಬಹುದಾ ಅಂತ ಅಲ್ಲಿನ ಡಾಕ್ಟರನ್ನು ಕೇಳಿ, ಆಗಬಹುದು ಅಂದರೆ ಅದನ್ನೂ ಸಮರಿಯಲ್ಲೇ ಬರೆಸಿಕೊಂಡು ಹೊರಡಿ.